ನಿಂತ ಮೀಟರಿನ ಹಸಿರು ಕಾರು

ನಮ್ಮೂರಿಗೆ ಇರುವುದು ಒಂದೇ ದಾರಿ, ಆ ದಾರಿಗೆ ಇರುವುದು ಒಂದೇ ಕಮಾನು. ಕಮಾನಿನ ಕೆಳಗೆ ಕಲ್ಲುಬೆಂಚು, ಬೆಂಚಿನ ಮೇಲೆ ಕಮಾನಿನ ಯಜಮಾನರು, ಅವರ ಎದುರಿಗೆ ನನ್ನ ಟೀ ಅಂಗಡಿ. ಇವಳ ಬಾಯಿ ಜೋರು ಅಂತ ಊರವರು ಹೇಳುತ್ತಾರೆ. ಹೇಳಿಕೊಳ್ಳಲಿ ಬಿಡಿ, ನನ್ನ ಟೀ ಕುಡಿಯದೆ ಅವರಲ್ಲಿ ಒಬ್ಬರಿಗೂ ಬೆಳಗಾಗುವುದಿಲ್ಲ.

ಹೊರಗಿನಿಂದ ಯಾವ ಕಾರು ಬಂದರೂ ಕಮಾನಿನ ಕೆಳಗೆ ನಿಲ್ಲಬೇಕು. ಯಜಮಾನರು ಬಗ್ಗಿ "ಎಷ್ಟಾಯ್ತು?" ಅಂತ ಕೇಳುತ್ತಾರೆ. ಕಾರಿನವರು ಮೀಟರು ನೋಡಿ ಅಂಕಿ ಓದುತ್ತಾರೆ. ಹೋದಷ್ಟೇ ದೂರ ವಾಪಸ್ಸೂ ಬಂದಿದ್ದಾರೆ ಅಂತ ಲೆಕ್ಕ ಕೂಡಿದರೆ ಯಜಮಾನರು "ಬಂದ್ರಾ? ಬನ್ನಿ" ಅನ್ನುತ್ತಾರೆ. ಸುತ್ತ ಇದ್ದವರೆಲ್ಲ "ಬನ್ನಿ, ಬನ್ನಿ" ಅನ್ನುತ್ತಾರೆ. ಅಷ್ಟಾದ ಮೇಲೇ ಅವರು ಬಂದ ಹಾಗೆ. ಮೀಟರು ತಿರುಗಿದರೆ ದಾರಿ ಉಂಟು, ತಿರುಗದಿದ್ದರೆ ದಾರಿಯೂ ಇಲ್ಲ, ಹೋದದ್ದೂ ಇಲ್ಲ, ಬಂದದ್ದೂ ಇಲ್ಲ. ಈ ನೇಮ ಮಾಡಿದವರು ಯಾರು ಅಂತ ನನ್ನನ್ನು ಕೇಳಬೇಡಿ. ನನ್ನ ಅಜ್ಜಿ ಟೀ ಕಾಯಿಸುತ್ತಿದ್ದಾಗಲೂ ಹೀಗೇ ಇತ್ತು.

ಹಸಿರು ಕಾರಿನ ಮನೆ ನನ್ನ ಅಂಗಡಿಯಿಂದ ಕೂಗಿದರೆ ಕೇಳುವಷ್ಟು ದೂರ. ಗಂಡ ಹೆಂಡತಿ ಇಬ್ಬರೂ ಒಳ್ಳೆಯವರು. ಒಳ್ಳೆಯವರು ಅಂದರೆ, ಟೀಗೆ ಇನ್ನೊಂಚೂರು ಸಕ್ಕರೆ ಹಾಕು ಅಂತ ಯಾವತ್ತೂ ಹೇಳದವರು. ಆಕೆಯನ್ನು ನಾನು ಅಕ್ಕ ಅನ್ನುತ್ತೇನೆ, ಅವರನ್ನು ಭಾವ ಅನ್ನುತ್ತೇನೆ. ಅವರಿಗೆ ಮಕ್ಕಳಿರಲಿಲ್ಲ. ಒಂದು ದಿನ ಇಬ್ಬರೂ ಹೊಳೆಯಾಚೆಯ ಅನಾಥ ಮಕ್ಕಳ ಮನೆಗೆ ಹೋಗಿ, ಹೆತ್ತವರು ಯಾರೆಂದು ಗೊತ್ತಿಲ್ಲದ ಒಂದು ಹೆಣ್ಣು ಕೂಸನ್ನು ತಂದರು. ಹಸಿರು ಕಾರು ಕಮಾನಿನ ಕೆಳಗೆ ನಿಂತಾಗ ಅಕ್ಕನ ಮಡಿಲಲ್ಲಿ ಬಿಳಿ ಬಟ್ಟೆ ಸುತ್ತಿದ ಕೂಸು ನಿದ್ದೆ ಮಾಡುತ್ತಿತ್ತು.

"ಎಷ್ಟಾಯ್ತು?" ಅಂದರು ಯಜಮಾನರು.

"ನಲವತ್ತೊಂದು ಸಾವಿರದ ಏಳುನೂರ ಆರು" ಅಂತ ಭಾವ ಓದಿದರು.

ಯಜಮಾನರು ಬೆರಳು ಮಡಚಿ ಲೆಕ್ಕ ಹಾಕಿದರು. ಬೆರಳು ಬಿಚ್ಚಿ ಮತ್ತೆ ಹಾಕಿದರು. "ಹೋದಷ್ಟು ಬಂದಿಲ್ವಲ್ಲಪ್ಪ. ಈ ಲೆಕ್ಕದಲ್ಲಿ ನೀವಿನ್ನೂ ಮೋರಿ ಹತ್ರ ಇದ್ದೀರಿ."

"ಯಜಮಾನ್ರೇ, ನಿಮ್ಮ ಎದುರಿಗೇ ಇದ್ದೀವಲ್ಲ!"

"ಕಾಣ್ತಾ ಇದೆ. ಆದ್ರೆ ಬಂದಿಲ್ಲ."

ಭಾವ ಮೀಟರಿನ ಗಾಜು ತಟ್ಟಿದರು. ಕಾರನ್ನು ಹಿಂದಕ್ಕೆ ಮುಂದಕ್ಕೆ ಓಡಿಸಿದರು. ವೇಗದ ಮುಳ್ಳು ಏಳುತ್ತದೆ, ಬೀಳುತ್ತದೆ, ಅಂಕಿ ಮಾತ್ರ ಕಲ್ಲಿನ ಹಾಗೆ ಕೂತಿದೆ. ಮೋರಿ ಇರುವುದು ಊರಿನ ಹೊರಗೆ ಏಳು ಕಿಲೋಮೀಟರು ದೂರದಲ್ಲಿ, ಹೊಂಗೆ ಮರದ ಪಕ್ಕ. ಅಲ್ಲಿಗೆ ಬರುವ ತನಕ ತಿರುಗಿದ ಮೀಟರು ಅಲ್ಲೇ ನಿಂತುಬಿಟ್ಟಿತ್ತು. ಅವತ್ತಿನಿಂದ ಊರಿನ ಲೆಕ್ಕದಲ್ಲಿ ಹಸಿರು ಕಾರಿನ ಮೂವರೂ ಮೋರಿಯ ಹತ್ತಿರವೇ ಇದ್ದಾರೆ.

ಅಕ್ಕ ಭಾವ ಮೊದಲೇ ಈ ಊರವರು, ಕೈಯಲ್ಲಿ ಕಾರಿನ ಕೀ ಇದ್ದವರು, ಹಾಗಾಗಿ ಅವರ ಬದುಕು ಹೇಗೋ ನಡೆಯಿತು. "ಮೋರಿ ಹತ್ರ ಸೊಳ್ಳೆ ಜಾಸ್ತಿನಾ ಅಕ್ಕ?" ಅಂತ ನಾನೇ ಎಷ್ಟು ಸಲ ಕಾಡಿಸಿಲ್ಲ! ತೊಂದರೆಯಾದದ್ದು ಹುಡುಗಿಗೆ. ಊರಿಗೆ ಬಾರದವಳನ್ನು ಊರು ಹೇಗೆ ಕರೆಯಬೇಕು? ಎಲ್ಲರೂ ಅವಳನ್ನು ಬರೋಳು ಅಂದರು. ಬರೋಳು ಬೆಳೆದಳು, ಓದಿದಳು, ನನ್ನ ಅಂಗಡಿಯ ಬನ್ನು ಕದ್ದು ತಿಂದಳು. ಯಾರ ಮನೆಯ ಊಟವಾದರೂ ಅವಳಿಗೆ ಒಂದು ಎಲೆ ಹಾಕಿ, "ಬರೋಳಿಗೆ ಇರಲಿ, ಬಂದಾಗ ಉಣ್ಣಲಿ" ಅಂತ ಬಡಿಸಿ ಪಕ್ಕಕ್ಕೆ ತಿರುಗುತ್ತಿದ್ದರು. ಅವಳು ಬಂದು ಕೂತು ಉಣ್ಣುತ್ತಿದ್ದಳು. ಯಾರೂ ನೋಡಲಿಲ್ಲ ಅಂತ ಲೆಕ್ಕ. ಪ್ರೀತಿಗೇನೂ ಕಡಿಮೆಯಿರಲಿಲ್ಲ, ಆ ಮಾತು ಹೇಳಲೇಬೇಕು.

ಆದರೆ ಪ್ರಾಯಕ್ಕೆ ಬಂದವರಿಗೆ ಕಮಾನಿನ ಕೆಳಗೆ ಕೀ ಕೊಡುವುದು ನಮ್ಮೂರಿನ ಪದ್ಧತಿ. ಕೀ ಸಿಕ್ಕಿದವರು ಸ್ಟಿಯರಿಂಗ್ ಹಿಡಿಯಬಹುದು, ಕಮಾನು ದಾಟಬಹುದು, ಹೋಗಬಹುದು, ಬರಬಹುದು. ಜೊತೆಯವರೆಲ್ಲ ಒಬ್ಬೊಬ್ಬರಾಗಿ ಕೀ ಈಸಿಕೊಂಡು ಕಮಾನು ದಾಟಿದರು. ಬರೋಳು ನನ್ನ ಅಂಗಡಿಯಲ್ಲಿ ಕೂತು ಅವರು ಎಬ್ಬಿಸಿದ ಧೂಳು ನೋಡಿದಳು. ನಿಂತ ಕಾರಿನಲ್ಲೇ ಕೂತು ಗೇರು ಹಾಕುವುದು, ಕ್ಲಚ್ಚು ಬಿಡುವುದು ಎಲ್ಲ ಕಲಿತಿದ್ದಳು ಪಾಪ. ಬಾರದವಳಿಗೆ ಯಾರು ಕೀ ಕೊಡುತ್ತಾರೆ?

"ಮೀಟರು ರಿಪೇರಿ ಮಾಡಿಸ್ಬಾರ್ದೇನಕ್ಕ?" ಅಂತ ನಾನು ಕೇಳಿದ್ದೆ.

ಅಕ್ಕ ಪ್ರತಿ ಸಲವೂ ಏನಾದರೊಂದು ನೆಪ ಹೇಳುತ್ತಿದ್ದಳು. ಕಾರು ಓಡ್ತಿದೆಯಲ್ಲ, ಸಾಕು ಅನ್ನುತ್ತಿದ್ದಳು. ಭಾವ ರಿಪೇರಿಗೆ ಅಂತ ಸ್ಕ್ರೂಡ್ರೈವರು ತೆಗೆದಿಟ್ಟರೆ ಅದು ಅಕ್ಕಿ ಡಬ್ಬಿಯ ತಳ ಸೇರುತ್ತಿತ್ತು. ಕೊನೆಗೊಂದು ದಿನ ನಾನೂ ರೇಗಿದೆ. "ಹುಡುಗಿ ಇಲ್ಲೂ ಇಲ್ಲ, ಅಲ್ಲೂ ಇಲ್ಲ. ನಿನಗೇನು ಕರುಳಿಲ್ವಾ?"

ಅಕ್ಕ ಲೋಟ ಕೆಳಗಿಟ್ಟಳು. "ಕರುಳಿರೋದೇ ಕಷ್ಟ ಕಣೇ. ಬಂದೋರು ಹೋಗ್ತಾರೆ. ಅವಳಿನ್ನೂ ಬಂದೇ ಇಲ್ಲ, ಹಾಗಾಗಿ ಹೋಗೋದೂ ಇಲ್ಲ. ಆ ಮೀಟರು ನಿಂತಿರೋದ್ರಿಂದಲೇ ನನ್ನ ಮನೇಲಿ ಮಗಳಿದ್ದಾಳೆ. ನನಗೆ ಭಯ ಆಗತ್ತೆ."

ನಾನು ಟೀ ಪಾತ್ರೆ ತೊಳೆಯತೊಡಗಿದೆ. ಆದರೆ ಈ ಮಾತನ್ನು ಕೇಳಿಸಿಕೊಂಡವಳು ನಾನೊಬ್ಬಳೇ ಆಗಿರಲಿಲ್ಲ. ಬರೋಳು ಬಿಸ್ಕತ್ತಿನ ಡಬ್ಬಗಳ ಹಿಂದೆ ಕೂತಿದ್ದಳು. ಎದ್ದು ಬಂದವಳು ಅಮ್ಮನ ಮೇಲೆ ಕೂಗಾಡಲಿಲ್ಲ. "ಅಮ್ಮಾ, ನಾನು ಒಂದು ಸಲವಾದ್ರೂ ಬರ್ಬೇಕು" ಅಂದಳು, ಅಷ್ಟೇ. ಅಕ್ಕ ಅವಳ ಮುಖವನ್ನೇ ನೋಡಿದಳು. ಆಮೇಲೆ ಸೆರಗಿನಲ್ಲಿ ಮೂಗು ಒರೆಸಿಕೊಂಡು, "ಸ್ಕ್ರೂಡ್ರೈವರು ಅಕ್ಕಿ ಡಬ್ಬೀಲಿದೆ. ಅಪ್ಪನಿಗೆ ಹೇಳು" ಅಂದಳು.

ಹೀಗೆ ಮೀಟರಿನವನು ಬಂದ. ಅವನು ಬೇರೆ ಊರಿನವನು, ತಗಡಿನ ಪೆಟ್ಟಿಗೆಯ ತುಂಬ ಸತ್ತ ಕಾರುಗಳ ಮೀಟರು ಇಟ್ಟುಕೊಂಡು ತಿರುಗುವವನು. ಜಂಬಗಾರ ಅಂದರೆ ಜಂಬಗಾರ. "ನಾನು ಮುಟ್ಟಿದ ಮೀಟರು ಮತ್ತೆ ನಿಂತ ಚರಿತ್ರೆ ಇಲ್ಲ" ಅಂತ ಹೇಳಿಕೊಂಡೇ ಕಾರಿನಿಂದ ಇಳಿದ, ಇಳಿಯುವಾಗ ಪೆಟ್ಟಿಗೆ ಬೀಳಿಸಿ ಮೊಳೆ ತಿರುಪೆಲ್ಲ ನನ್ನ ಅಂಗಡಿಯ ಮುಂದೆ ಚೆಲ್ಲಿದ. ಊರು ಊರೇ ಬಗ್ಗಿ ಆರಿಸಿಕೊಟ್ಟಿತು.

ಹಸಿರು ಕಾರನ್ನು ಕಮಾನಿನ ಕೆಳಗೆ ನಿಲ್ಲಿಸಿ ಅವನು ಮೀಟರಿನ ಹಿಂದೆ ಕೈ ತೂರಿಸಿದ. ಕೇಬಲ್ಲಿನ ತಿರುಪು ಬಿಚ್ಚಿದ, ಎರಡು ಸ್ಕ್ರೂ ತೆಗೆದ, ಮೀಟರನ್ನು ಗೂಡಿನಿಂದ ಹೊರಗೆ ಎಳೆದು ನನ್ನ ಟೇಬಲ್ಲಿನ ಮೇಲೆ ಬಿಳಿ ಬಟ್ಟೆ ಹಾಸಿ ಇಟ್ಟ. ಗಾಜು ತೆಗೆದ. ಒಳಗೆ ಅಂಕಿಯ ಚಕ್ರಗಳು ಒಂದರ ಪಕ್ಕ ಒಂದು, ಬಳೆ ಜೋಡಿಸಿಟ್ಟ ಹಾಗೆ. ಆ ಬಳೆಗಳ ಪಕ್ಕದಲ್ಲಿ ಉಗುರಿನಷ್ಟು ಸಣ್ಣ ಒಂದು ಹಲ್ಲುಚಕ್ರ.

"ಮುಳ್ಳು ಏಳತ್ತೆ, ಅಂಕಿ ಏಳಲ್ಲ ಅಂದ್ರೆ ಕೇಬಲ್ ಸರಿಯಾಗಿದೆ. ಕಾಯಿಲೆ ಇಲ್ಲಿ" ಅಂತ ಚಿಮುಟದಲ್ಲಿ ಆ ಚಕ್ರವನ್ನು ಎತ್ತಿ ಹಿಡಿದ. ಎರಡು ಹಲ್ಲು ಮುರಿದಿತ್ತು. "ಇದು ತಾನಾಗಿ ಮುರಿಯೋ ಹಲ್ಲಲ್ಲ. ಓಡೋ ಗಾಡೀಲಿ ಯಾರೋ ಗುಂಡಿ ಒತ್ತಿದ್ದಾರೆ. ಯಾರು ಆ ಮಹಾತ್ಮರು?"

ಗುಂಡಿ ಅಂದರೆ ಏನು ಅಂತ ಹೇಳಿಬಿಡುತ್ತೇನೆ. ಮೀಟರಿನಲ್ಲಿ ಎರಡು ಸಾಲು ಅಂಕಿ. ಮೇಲಿನ ದೊಡ್ಡ ಸಾಲು ಕಾರಿನ ಇಡೀ ಆಯುಸ್ಸಿನದು. ಕೆಳಗಿನ ಸಣ್ಣ ಸಾಲು ಒಂದೊಂದು ಪ್ರಯಾಣದ್ದು, ಪಕ್ಕದ ಗುಂಡಿ ಒತ್ತಿದರೆ ಸೊನ್ನೆಗೆ ಬರುತ್ತದೆ. ಹೊಸದಾಗಿ ಸೊಸೆ ಬರಲಿ, ಕೂಸು ಬರಲಿ, ಕಾರನ್ನು ಕಮಾನಿನ ಕೆಳಗೆ ಪೂರ್ತಿ ನಿಲ್ಲಿಸಿ, ಕರೆತಂದ ಹೆಂಗಸು ಆ ಗುಂಡಿ ಒತ್ತಬೇಕು. ಸೊನ್ನೆ ಬಂದರೆ, ಇಲ್ಲಿಂದ ನಿನ್ನ ಬಾಳು ಶುರು ಅಂತ ಅರ್ಥ. ನಿಂತ ಗಾಡಿಯಲ್ಲಿ ಒತ್ತಿದರೆ ಏನೂ ಆಗುವುದಿಲ್ಲ. ಓಡುವ ಗಾಡಿಯಲ್ಲಿ ಒತ್ತಿದರೆ, ಮುಂದಕ್ಕೆ ತಿರುಗುವ ಹಲ್ಲೂ ಹಿಂದಕ್ಕೆ ತಿರುಗುವ ಹಲ್ಲೂ ಒಂದಕ್ಕೊಂದು ಕಚ್ಚಿಕೊಳ್ಳುತ್ತವೆ.

ಎಲ್ಲರೂ ಎಲ್ಲರ ಮುಖ ನೋಡಿದರು.

"ನಾನೇ" ಅಂದಳು ಅಕ್ಕ. ತಲೆ ತಗ್ಗಿಸಲೂ ಇಲ್ಲ. "ಮೋರಿ ಹತ್ರ ಬರ್ತಿದ್ದಂಗೆ ಕೂಸು ನನ್ನ ಬೆರಳು ಹಿಡ್ಕೊಂಡ್ಲು. ಗಟ್ಟಿಯಾಗಿ. ಇವಳು ಆಗಲೇ ನನ್ನವಳಾಗಿಬಿಟ್ಟಳು ಅನ್ನಿಸ್ತು. ಕಮಾನು ಬರೋ ತನಕ ಜೀವ ತಡೀಲಿಲ್ಲ, ಒತ್ತಿಬಿಟ್ಟೆ."

ಭಾವ ಹೆಂಡತಿಯನ್ನು ನೋಡಿದ ನೋಟ ನಾನು ಕಂಡೆ. ಅದರಲ್ಲಿ ಸಿಟ್ಟಿರಲಿಲ್ಲ. "ಹೇಳ್ಬಾರ್ದಾಗಿತ್ತಾ ಮಾರಾಯ್ತಿ" ಅಂದರು, ಅಷ್ಟೇ. ಮೀಟರಿನವನು ಪೆಟ್ಟಿಗೆಯೆಲ್ಲ ಕೆದಕಿ, ಸತ್ತ ಕಾರೊಂದರ ಮೀಟರಿನಿಂದ ಅಂಥದೇ ಚಕ್ರ ತೆಗೆದು, ಊದಿ, ಒರೆಸಿ, ಮುರಿದದ್ದರ ಜಾಗದಲ್ಲಿ ಕೂರಿಸಿದ. ಸರಳಿಗೆ ಒಂದೇ ಒಂದು ಹನಿ ಎಣ್ಣೆ ಬಿಟ್ಟ. ಊರು ಕತ್ತು ಚಾಚಿ ನೋಡಿತು.

"ಆಯ್ತು. ಈಗ ಹೇಳಿ, ಅಂಕಿ ಎಷ್ಟಕ್ಕೆ ನಿಲ್ಲಿಸ್ಬೇಕು?" ಅಂದ. "ಚಕ್ರ ಈಗ ಬಿಡಿಯಾಗಿದೆ. ಬೆರಳಲ್ಲಿ ತಿರುಗಿಸಿದ್ರೆ ಯಾವ ಅಂಕಿ ಬೇಕಾದ್ರೂ ಬರತ್ತೆ. ಮೋರಿಯಿಂದ ಇಲ್ಲಿಗೆ ಎಷ್ಟೋ ಅಷ್ಟು ತಿರುಗಿಸಿಬಿಡ್ತೀನಿ. ಹುಡುಗಿ ಇಲ್ಲೇ, ಕೂತಲ್ಲೇ ಬಂದ ಹಾಗಾಯ್ತು."

ನೋಡಿ, ಆ ಮಾತಿಗೆ ಅರ್ಧ ಊರು ತಲೆಯಾಡಿಸಿತು. ನಾನೂ ಆಡಿಸಿದೆ, ಸುಳ್ಳು ಯಾಕೆ ಹೇಳಲಿ? ಭಾವನ ಕಣ್ಣು ಅರಳಿತು. ಕಮಾನಿನ ಯಜಮಾನರೂ ಕೆಮ್ಮಿ ಆಚೆ ನೋಡಿದರು. ಅವರಿಗೂ ಸಾಕಾಗಿತ್ತು. ಎಷ್ಟು ಊಟಗಳಲ್ಲಿ ಆ ಹುಡುಗಿ ಎಲೆಯ ಮುಂದೆ ಕೂತಾಗ ಮುಖ ತಿರುಗಿಸಬೇಕು ಅವರಾದರೂ!

ಬರೋಳು ಮುಂದೆ ಬಂದು ಮೀಟರಿನ ಮೇಲೆ ಅಂಗೈ ಮುಚ್ಚಿದಳು. "ಬೇಡ. ಬೆರಳು ತಿರುಗಿಸಿದ್ದು ದಾರಿ ಅಲ್ಲ. ನನ್ನ ದಾರಿ ಎಲ್ಲಿ ನಿಂತಿದೆಯೋ ಅಲ್ಲಿಗೆ ಹೋಗ್ತೀನಿ. ಅಲ್ಲಿಂದ ಬರ್ತೀನಿ."

"ಅಲ್ಲ ಕಣೇ, ಅಲ್ಲಿಗೆ ಹೋದಮೇಲೆ..." ಅಂದಳು ಅಕ್ಕ. ಮೋರಿಯ ಹತ್ತಿರ ದಾರಿ ಎರಡು ಕಡೆಗೂ ಇದೆ. ಆಚೆ ಹೋದರೆ ಹೊಳೆ, ಹೊಳೆಯಾಚೆ ಇಡೀ ಪ್ರಪಂಚ. ಊರಿನ ನೇಮ ಇರುವುದು ಕಮಾನಿನ ಒಳಗೆ ಮಾತ್ರ. ಅಲ್ಲಿ ಅವಳು ಆ ಕಡೆ ಕಾಲು ಹಾಕಿದರೆ ತಡೆಯುವವರಿಲ್ಲ.

ಅಂಕಿಯನ್ನು ಇದ್ದಲ್ಲೇ ಬಿಟ್ಟು ಮೀಟರನ್ನು ಗೂಡಿನಲ್ಲಿ ಕೂರಿಸಿದ್ದಾಯಿತು. ಕೇಬಲ್ಲನ್ನು ಮಾತ್ರ ಸಿಕ್ಕಿಸಲಿಲ್ಲ. ಲೆಕ್ಕದಲ್ಲಿ ಅವರು ಮೋರಿಯ ಹತ್ತಿರವೇ ಇದ್ದಾರಲ್ಲ, ಅಲ್ಲಿಗೆ ಹೋಗುವುದನ್ನು ಮೀಟರು ಎಣಿಸಬಾರದು. "ಮೋರಿ ಹತ್ರ ನಿಲ್ಲಿಸಿ, ಹಿಂದೆ ಕೈ ಹಾಕಿ, ತಿರುಪು ಬಿಗಿ ಮಾಡಿ. ಮಕ್ಕಳೂ ಮಾಡ್ತಾರೆ" ಅಂತ ಮೀಟರಿನವನು ಭಾವನಿಗೆ ತೋರಿಸಿಕೊಟ್ಟ. ಈ ಸಲ ಊರಿನ ಕಣ್ಣೊಂದು ಜೊತೆಗಿರಲಿ ಅಂತ ನಾನು ಹಿಂದಿನ ಸೀಟಿನಲ್ಲಿ ಕೂತೆ. ಅಂಗಡಿಯನ್ನು ಯಜಮಾನರಿಗೆ ವಹಿಸಿದೆ. ಅವರು ಅವತ್ತು ಕಾಯಿಸಿದ ಟೀ ಕುಡಿದವರು ಈಗಲೂ ಅದರ ಮಾತು ಎತ್ತಿದರೆ ಮುಖ ಕಿವಿಚುತ್ತಾರೆ. ನಾವು ಹೊರಟಾಗ ಯಜಮಾನರು "ಇಲ್ಲದವರು ಹೋದರೆ ನನಗೇನು ಕಾಣತ್ತೆ?" ಅಂತ ಬೆನ್ನು ತಿರುಗಿಸಿದರು.

ಹೊಂಗೆ ಹೂವು ದಾರಿಯ ಮೇಲೆಲ್ಲ ಬಿದ್ದಿತ್ತು. ಮೋರಿ ಬಂತು, ಕಾರು ನಿಂತಿತು. ಭಾವ ಕೈ ತೂರಿಸಿ, ತಡಕಾಡಿ, ಬೈದುಕೊಂಡು, ಕೊನೆಗೆ ತಿರುಪು ಬಿಗಿ ಮಾಡಿದರು. ನನ್ನ ಪಕ್ಕದಲ್ಲಿದ್ದ ಬರೋಳು ಇಳಿದಳು. ದಾರಿಯ ನಡುವೆ ನಿಂತು ಹೊಳೆಯ ಕಡೆ ನೋಡಿದಳು. ತುಂಬ ಹೊತ್ತು ನೋಡಿದಳು. ಅಕ್ಕ ಬಾಗಿಲ ಹಿಡಿಯನ್ನು ಬಿಗಿಯಾಗಿ ಹಿಡಿದಿದ್ದಳು.

ಅಕ್ಕ ಕಿಟಕಿಯ ಗಾಜು ಇಳಿಸಿದಳು.

"ಅವತ್ತು ನಿನ್ನನ್ನ ಯಾರೂ ಕೇಳ್ಲಿಲ್ಲ" ಅಂದಳು. "ಎತ್ಕೊಂಡು ಬಂದ್ವಿ. ಇವತ್ತು ಕೇಳ್ತೀನಿ. ನಮ್ಮ ಮನೆಗೆ ಬರ್ತೀಯಾ? ಬರ್ದಿದ್ರೂ ನಾನು ಬಯ್ಯಲ್ಲ. ಅಳ್ತೀನಿ, ಆದ್ರೆ ಬಯ್ಯಲ್ಲ."

ಹುಡುಗಿ ತಿರುಗಿದಳು. "ಬರ್ತೀನಮ್ಮಾ. ಬರೋಕೇ ಅಲ್ವಾ ಇಷ್ಟು ದೂರ ಬಂದಿದ್ದು."

ಹೇಳಿದವಳೇ ಮತ್ತೆ ಹಿಂದಿನ ಬಾಗಿಲು ತೆಗೆದಳು. ನಾನು ಗಬಕ್ಕನೆ ಬಾಗಿಲನ್ನು ಒಳಗಿನಿಂದ ಎಳೆದು ಮುಚ್ಚಿದೆ. "ಇಲ್ಲೆಲ್ಲಿ ಕೂರ್ತೀಯೇ? ಮಡಿಲಲ್ಲಿ ಹೊರಟೋಳು ಮಡಿಲಲ್ಲೇ ಬರ್ಬೇಕು. ಹೋಗು ಮುಂದೆ!"

"ಚಿಕ್ಕಮ್ಮ, ನನ್ನ ಸೈಜು ನೋಡಿದ್ದೀರಾ?"

"ನೇಮ ಅಂದ್ರೆ ನೇಮ."

ಆಮೇಲೆ ನಡೆದದ್ದನ್ನು ನೀವು ನೋಡಬೇಕಿತ್ತು. ಅಮ್ಮನಿಗಿಂತ ಒಂದು ಗೇಣು ಎತ್ತರದ ಹುಡುಗಿ ಆ ಪುಟ್ಟ ಕಾರಿನ ಮುಂದಿನ ಸೀಟಿನಲ್ಲಿ, ಅಮ್ಮನ ತೊಡೆಯ ಮೇಲೆ, ತಲೆ ಮೇಲಿನ ತಗಡಿಗೆ ತಾಗಿ, ಮಂಡಿ ಮೂಗಿಗೆ ತಾಗಿ ಕೂತಳು. ಅಕ್ಕ "ಅಯ್ಯಯ್ಯೋ, ಸತ್ತೆ" ಅಂದಳು. ಅಂದವಳು ಎರಡೂ ಕೈಯಲ್ಲಿ ಅವಳ ಸೊಂಟ ಬಳಸಿಕೊಂಡಳು. ನಾನು ನಗುತ್ತ ನಗುತ್ತ ಅಳುತ್ತಿದ್ದೆ, ಭಾವನೂ ಅಷ್ಟೇ, ಪುಣ್ಯಕ್ಕೆ ಎದುರಿಗೆ ಗಾಡಿ ಬರಲಿಲ್ಲ.

ಕಾರು ಹೊರಟಿತು. ನಾಲ್ವರ ಕಣ್ಣೂ ಮೀಟರಿನ ಮೇಲೆ. ಮುಳ್ಳು ಎದ್ದಿತು. ಕೊನೆಯ ಚಕ್ರ ಮೊದಲು ಅಲುಗಲಿಲ್ಲ. ಆಮೇಲೆ ಆರು ನಿಧಾನಕ್ಕೆ ಮೇಲೆ ಸರಿಯಿತು, ಕೆಳಗಿನಿಂದ ಏಳು ತಲೆ ಎತ್ತಿತು. "ಬಂತು!" ಅಂದರು ಭಾವ. ಎಂಟು ಬಂತು, ಒಂಬತ್ತು ಬಂತು. ಒಂದೊಂದು ಅಂಕಿ ಬಂದಾಗಲೂ ನಾವು ಯಾರೋ ನೆಂಟರು ಬಂದ ಹಾಗೆ ಕೂಗಿದೆವು.

ಕಮಾನಿನ ಕೆಳಗೆ ಇಡೀ ಊರು ನಿಂತಿತ್ತು. ಕಾರು ನಿಂತಿತು. ಯಜಮಾನರು ಬಗ್ಗಿದರು.

"ಎಷ್ಟಾಯ್ತು?"

ಭಾವ ಕಣ್ಣು ಒರೆಸಿಕೊಳ್ಳುತ್ತಿದ್ದರು. ಹುಡುಗಿಯ ಮುಖ ಹೇಗೂ ಮೀಟರಿನ ಹತ್ತಿರವೇ ಇತ್ತು, ಅವಳೇ ಓದಿದಳು. "ನಲವತ್ತೊಂದು ಸಾವಿರದ ಏಳುನೂರ ಹದಿಮೂರು."

ಯಜಮಾನರು ಬೆರಳು ಮಡಚಿದರು, ಬಿಚ್ಚಿದರು. "ಬಂದ್ರಾ? ಬನ್ನಿ." ಊರೆಲ್ಲ "ಬನ್ನಿ, ಬನ್ನಿ" ಅಂದಿತು. ನಮ್ಮ ಜೀವಮಾನದಲ್ಲಿ ಅಷ್ಟು ಜೋರಾಗಿ ಯಾರನ್ನೂ ಕರೆದದ್ದಿಲ್ಲ.

ಇನ್ನು ಉಳಿದದ್ದು ಗುಂಡಿ. ಅಕ್ಕ ಮಗಳ ಪಕ್ಕದಿಂದ ಕೈ ಚಾಚಿ ಗುಂಡಿಯ ಮೇಲೆ ಬೆರಳಿಟ್ಟಳು. ಒತ್ತಲಿಲ್ಲ. ಓಡುವ ಗಾಡಿಯಲ್ಲಿ ತಡೆಯಲಾರದೆ ಒತ್ತಿದವಳು, ನಿಂತ ಗಾಡಿಯಲ್ಲಿ ಬೆರಳಿಟ್ಟುಕೊಂಡು ಕೂತಳು. ಊರು ಕಾಯಿತು. ಒತ್ತಿದರೆ ಮಗಳು ಬಂದವಳು, ಬಂದವಳ ಕೈಗೆ ಕೀ. ಇದನ್ನು ಆಕೆಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಹುಡುಗಿಯೂ ಅವಸರ ಮಾಡಲಿಲ್ಲ, ಅಮ್ಮನ ಮೇಲೆ ಸುಮ್ಮನೆ ಒರಗಿಕೊಂಡಳು.

ಟಕ್ ಅಂತ ಸದ್ದಾಯಿತು. ಸಣ್ಣ ಸಾಲು ಸೊನ್ನೆಗೆ ಬಂತು. ಮೀಟರಿನವನು ಕಿಟಕಿಯಲ್ಲಿ ಮೂಗು ತೂರಿಸಿ "ಹಲ್ಲು ಗಟ್ಟಿಯಿದೆ, ನೋಡಿದ್ರಾ ನನ್ನ ಕೆಲಸ?" ಅಂದ. ಅವನ ಬೆನ್ನಿಗೆ ನಾನೊಂದು ಗುದ್ದು ಕೊಟ್ಟೆ.

ಯಜಮಾನರು ಕೀ ಕೊಟ್ಟರು. ಹುಡುಗಿ ಅದನ್ನು ಕಣ್ಣಿಗೆ ಒತ್ತಿಕೊಂಡಳು. ಭಾವ ಇಳಿದು ಹಿಂದೆ ನನ್ನ ಪಕ್ಕಕ್ಕೆ ಬಂದರು, ಹುಡುಗಿ ಮಡಿಲಿಂದ ಆ ಕಡೆಗೆ ಜಾರಿ ಸ್ಟಿಯರಿಂಗ್ ಹಿಡಿದಳು. ಅಕ್ಕ ಇಳಿಯಬೇಕು ಅಂತ ನೋಡಿದಳು, ಆದರೆ ಕಾಲು ಜೋಮು ಹಿಡಿದು ಅಲ್ಲಾಡುತ್ತಿರಲಿಲ್ಲ.

"ಕೂತಿರಮ್ಮ. ನಾನೇ ಕರ್ಕೊಂಡು ಹೋಗ್ತೀನಿ."

ಕಾರು ಒಂದು ಸಲ ಜಗ್ಗಿತು, ಆಮೇಲೆ ಸರಾಗವಾಗಿ ಹೊರಟಿತು. ಮನೆಯ ಬಾಗಿಲು ಬಂತು. ಅಕ್ಕ ಸೆರಗು ಸರಿಮಾಡಿಕೊಂಡಳು. ಬಾಗಿಲು ದಾಟಿತು.

"ಅಲ್ಲ ಕಣೇ, ಮನೆ ದಾಟ್ತು!"

"ಗೊತ್ತಮ್ಮ."

ಊರು ಒಂದು ಸುತ್ತಾಯಿತು. ಕಾರು ಮತ್ತೆ ಕಮಾನಿನ ಕಡೆಗೆ ಮುಖ ಮಾಡಿತು. ಅಕ್ಕನ ಬೆನ್ನು ನೆಟ್ಟಗಾದದ್ದನ್ನು ನಾನು ಹಿಂದಿನಿಂದ ಕಂಡೆ. ಭಾವ ನನ್ನ ಕೈ ಹಿಡಿದುಕೊಂಡರು, ಅವರಿಗೂ ಭಯ. ಕಮಾನು ದಾಟಿದೆವು. ಹೊಂಗೆ ಮರ ದಾಟಿದೆವು. ಮೋರಿಯನ್ನೂ ದಾಟಿದೆವು. ಮುಂದೆ ದಾರಿ ಬಿಸಿಲಿನಲ್ಲಿ ಹೊಳೆಯ ತನಕ ಕಾಣುತ್ತಿತ್ತು. ಅಲ್ಲಿ ಹುಡುಗಿ ಅಮ್ಮನ ಮುಖ ನೋಡಿ ವೇಗ ತಗ್ಗಿಸಿದಳು. "ಭಯ ಆಗ್ತಿದ್ಯಾಮ್ಮ? ಸಾಕಾ? ತಿರುಗಿಸ್ಲಾ?"

ಅಕ್ಕ ಮೀಟರನ್ನು ನೋಡುತ್ತಿದ್ದಳು. ಕೊನೆಯ ಚಕ್ರ ಎರಡು ಅಂಕಿಗಳ ನಡುವೆ ಇತ್ತು, ಒಂದು ಪೂರ್ತಿ ಹೋಗಿಲ್ಲ, ಇನ್ನೊಂದು ಪೂರ್ತಿ ಬಂದಿಲ್ಲ.

"ತಡಿ" ಅಂದಳು. "ಆ ಅಂಕಿ ಪೂರ್ತಿ ಬರ್ಲಿ."

ಅದು ಬಂತು. ಅಕ್ಕ ತಿರುಗಿಸು ಅನ್ನಲಿಲ್ಲ. ಅದರ ಮುಂದಿನದೂ ಬಂತು.